ಧ್ವನಿಸುರುಳಿಯ ಮುಂದೆ ಕುಳಿತ ವೈದ್ಯರು

ಲಾಸ್ ಏಂಜಲೀಸ್‌ನ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗಕ್ಕೆ 1960ರ ದಶಕದಲ್ಲಿ ಜ್ವರ, ವಾಂತಿ, ಕೆಮ್ಮು ಎಂದು ಮಗುವನ್ನು ಎತ್ತಿಕೊಂಡು ಬರುತ್ತಿದ್ದ ತಾಯಂದಿರು ಮೊದಲೇ ಸಮಯ ಗೊತ್ತುಮಾಡಿಕೊಂಡು ಬಂದವರಲ್ಲ. ಸರದಿಯಲ್ಲಿ ಕುಳಿತು, ಆ ಹೊತ್ತಿನ ಪಾಳಿಯಲ್ಲಿ ಯಾರು ಸಿಕ್ಕರೆ ಅವರಿಗೆ ತೋರಿಸಿ ಹೋಗುವವರು. ಆ ವೈದ್ಯರ ಮುಖವನ್ನು ಹಿಂದೆ ಕಂಡಿರುತ್ತಿರಲಿಲ್ಲ, ಮುಂದೆ ಕಾಣುವುದೂ ಅಪರೂಪ. ಬಾರ್ಬರಾ ಕೋರ್ಷ್ ಎಂಬ ಮಕ್ಕಳ ತಜ್ಞೆ ತಮ್ಮ ಟೇಪ್‌ರೆಕಾರ್ಡರ್ ಇಡಿಸಿದ್ದು ಇಂಥ ಕೋಣೆಗಳಲ್ಲಿ. ಒಟ್ಟು 800 ಭೇಟಿಗಳ ಮಾತುಕತೆ ಸುರುಳಿಗೆ ಸೇರಿತು. ತಾಯಿ ಹೊರಬಂದ ಕೂಡಲೇ ಸಂಶೋಧಕರು ಮಾತಾಡಿಸುತ್ತಿದ್ದರು. ಎರಡು ವಾರದೊಳಗೆ ಮತ್ತೊಮ್ಮೆ ವಿಚಾರಿಸುತ್ತಿದ್ದರು: ಡಾಕ್ಟರು ಏನು ಹೇಳಿದರು, ನಿಮಗೆ ಏನು ತಿಳಿಯಿತು, ಹೇಳಿದ್ದರಲ್ಲಿ ಎಷ್ಟನ್ನು ಮಾಡಿದಿರಿ?

ಅಲ್ಲಿಯವರೆಗೆ ವೈದ್ಯರ ನಯವಿನಯವನ್ನು ಅಳೆದವರು ವಿರಳ. ಅಳೆಯಬಹುದಾದ ವಸ್ತು ಅದು ಎಂದು ಹೆಚ್ಚಿನವರಿಗೆ ಅನಿಸಿರಲಿಲ್ಲ. ಅದು ಹುಟ್ಟಿನಿಂದ ಬರುವ ಗುಣ, ಕೆಲವರಿಗಿರುತ್ತದೆ, ಕೆಲವರಿಗಿಲ್ಲ ಎಂಬುದೇ ಬಹುತೇಕರ ಎಣಿಕೆ. ನಮ್ಮ ಊರುಗಳಲ್ಲೂ ಒಬ್ಬ ಡಾಕ್ಟರ ಕೈಗುಣ ಚೆನ್ನಾಗಿದೆ ಎಂದು ಹತ್ತು ಮೈಲಿ ಹೆಚ್ಚು ನಡೆದುಹೋಗುತ್ತಿದ್ದ ಜನ, ಆ ಗುಣ ಎಲ್ಲಿಂದ ಬಂತೆಂದು ಕೇಳಿದವರಲ್ಲ.

ಕೋರ್ಷ್ ಜರ್ಮನಿಯಲ್ಲಿ ಹುಟ್ಟಿದವರು. ತಂದೆ ಕಾರ್ಲ್ ಕೋರ್ಷ್ ಹೆಸರಾಂತ ಮಾರ್ಕ್ಸ್‌ವಾದಿ ಚಿಂತಕ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಟ್ಟ ಆ ಸಂಸಾರ ಕೊನೆಗೆ ಅಮೆರಿಕದಲ್ಲಿ ನೆಲೆಯಾಯಿತು. ತಂದೆಯ ಸಿದ್ಧಾಂತವನ್ನು ಮಗಳ ಸಂಶೋಧನೆಯಲ್ಲಿ ಹುಡುಕುವುದು ಅತಿಯಾದೀತು. ಆದರೂ ಮೇಜಿನ ಆಚೆ ಬಾಯಿಕಟ್ಟಿ ಕೂತವರ ಕಡೆಯಿಂದ ಆಸ್ಪತ್ರೆಯನ್ನು ನೋಡಬೇಕೆಂಬ ಹಟ ಆಕೆಯಲ್ಲಿತ್ತು ಎನ್ನುವುದಕ್ಕೆ ಆ ಸುರುಳಿಗಳೇ ಸಾಕ್ಷಿ.

1968ರಿಂದ ಒಂದೊಂದಾಗಿ ಪ್ರಕಟವಾದ ಫಲಿತಾಂಶಗಳು ವೈದ್ಯರಿಗೆ ಮುಜುಗರ ತಂದವು. ತಾಯಂದಿರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಟ್ಟಾರೆ ಸಮಾಧಾನವೆಂದೇ ಹೇಳಿದ್ದರು. ಆದರೆ ಸುಮಾರು ಕಾಲು ಭಾಗ ತಾಯಂದಿರು ತಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದ ಚಿಂತೆಯನ್ನು ವೈದ್ಯರ ಮುಂದೆ ಬಾಯಿಬಿಟ್ಟಿರಲೇ ಇಲ್ಲ. ಕೆಲವರಿಗೆ ಹೇಳಲು ಸಂದಿಯೇ ಸಿಕ್ಕಿರಲಿಲ್ಲ, ಕೆಲವರಿಗೆ ಕೇಳುವ ಕಿವಿ ಅಲ್ಲಿದೆ ಅನಿಸಿರಲಿಲ್ಲ. ಮಗುವಿಗೆ ಈ ಕಾಯಿಲೆ ಯಾಕೆ ಬಂತು ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ಮನೆಗೆ ಹೋದವರು ಹತ್ತಿರಹತ್ತಿರ ಅರ್ಧದಷ್ಟು. ತಾನು ತಿನ್ನಿಸಿದ್ದರಿಂದಲೋ, ಗಾಳಿಗೆ ಕರೆದೊಯ್ದದ್ದರಿಂದಲೋ ಹೀಗಾಯಿತೇನೋ ಎಂದು ತಾಯಿ ಒಳಗೊಳಗೇ ಬೇಯುತ್ತಿದ್ದರೆ, ಎದುರಿಗಿದ್ದ ವೈದ್ಯರಿಗೆ ಅದರ ಸುಳಿವೂ ಇರುತ್ತಿರಲಿಲ್ಲ. ವೈದ್ಯರು ಆಡಿದ ಮಾತಿನಲ್ಲಿ ಕಾಯಿಲೆಯ ಆಚೆಗಿನ, ಸ್ನೇಹದ, ಉಭಯಕುಶಲೋಪರಿಯ ಮಾತು ನೂರಕ್ಕೆ ಐದು ಪಾಲೂ ಇರಲಿಲ್ಲ.

ಭಾಷೆಯ ಕಥೆ ಇನ್ನೂ ಸ್ವಾರಸ್ಯದ್ದು. ಅರ್ಧಕ್ಕೂ ಹೆಚ್ಚು ಭೇಟಿಗಳಲ್ಲಿ ವೈದ್ಯರು ತಮ್ಮ ಕಸುಬಿನ ಪದಗಳನ್ನು ಬಿಡಿಸಿ ಹೇಳದೆ ಬಳಸಿದ್ದರು. ಬೆನ್ನುಹುರಿಯ ನೀರು ತೆಗೆಯುವ ‘ಲಂಬಾರ್ ಪಂಕ್ಚರ್’ ಎಂದರೆ ಶ್ವಾಸಕೋಶದ ನೀರನ್ನು ಹೊರಗೆ ಹರಿಸುವುದು ಎಂದುಕೊಂಡಿದ್ದ ತಾಯಿ ಒಬ್ಬರು. ‘ಇನ್‌ಕ್ಯುಬೇಷನ್’ ಅವಧಿಯೆಂದರೆ ಮಗುವನ್ನು ಹಾಸಿಗೆ ಬಿಟ್ಟು ಏಳಗೊಡಬಾರದ ದಿನಗಳು ಎಂದುಕೊಂಡಿದ್ದವರು ಇನ್ನೊಬ್ಬರು. ಇಂಗ್ಲಿಷ್ ಮಾತಾಡುವ ಊರಿನಲ್ಲಿ, ಇಂಗ್ಲಿಷಿನಲ್ಲೇ ನಡೆದ ಸಂಭಾಷಣೆಗೆ ಒದಗಿದ ಗತಿ ಇದು ಎಂಬುದನ್ನು ಕನ್ನಡದ ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ವೈದ್ಯರಿಗೆ ನಿಜವಾಗಿ ಚುರುಕು ಮುಟ್ಟಿಸಿದ್ದು ಔಷಧಿಯ ಲೆಕ್ಕ. ಹೇಳಿದ್ದನ್ನು ಪೂರ್ತಿಯಾಗಿ ಪಾಲಿಸಿದ ತಾಯಂದಿರು ನೂರಕ್ಕೆ 42 ಮಾತ್ರ. ವೈದ್ಯರ ನಡವಳಿಕೆಯಿಂದ ತುಂಬ ಸಂತೋಷಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಲಹೆಯನ್ನು ಚಾಚೂ ತಪ್ಪದೆ ನಡೆಸಿದ್ದರು. ತುಂಬ ಬೇಸರಪಟ್ಟು ಹೋದವರಲ್ಲಿ ಹಾಗೆ ಮಾಡಿದವರು ಆರಕ್ಕೆ ಒಬ್ಬರು. ಅಂದರೆ ಗಂಟುಮೋರೆಯ ವೈದ್ಯರು ಬರೆದುಕೊಟ್ಟ ಸರಿಯಾದ ಮದ್ದೂ ಎಷ್ಟೋ ಸಲ ಮಗುವಿನ ಹೊಟ್ಟೆಗೆ ಪೂರ್ತಿ ಹೋಗುತ್ತಿರಲಿಲ್ಲ. ‘ಸಮಯವೇ ಇರುವುದಿಲ್ಲ, ಏನು ಮಾಡುವುದು?’ ಎಂಬ ಎಂದಿನ ಸಮಜಾಯಿಷಿಗೂ ಅಲ್ಲಿ ಉತ್ತರವಿತ್ತು. ಭೇಟಿ ಎಷ್ಟು ನಿಮಿಷದ್ದು ಎಂಬುದಕ್ಕೂ ತಾಯಂದಿರ ಸಮಾಧಾನಕ್ಕೂ ಸಂಬಂಧ ಕಾಣಲಿಲ್ಲ.

ಹಾಗೆಂದು ಹಿಂದಿನವರು ವೈದ್ಯರ ನಡತೆಯ ಬಗ್ಗೆ ಯೋಚಿಸಿರಲಿಲ್ಲವೆಂದಲ್ಲ. ಯೋಚಿಸಿದ್ದರು, ಆದರೆ ಮಾತಿಗಿಂತ ಮೌನದ ಕಡೆಗೇ ಅವರ ಒಲವು ಹೆಚ್ಚು. ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲೊಂದು ವೈದ್ಯನಿಗೆ ಶಾಂತನಾಗಿ, ಚುರುಕಾಗಿ ಕೆಲಸ ಮಾಡಲು ಹೇಳುತ್ತದೆ. ರೋಗಿಯ ಮುಂದಿನ ಸ್ಥಿತಿಯ ಬಗ್ಗೆ ಹೆಚ್ಚಿನದನ್ನು ಆತನಿಂದ ಮರೆಮಾಚಲೂ ಹೇಳುತ್ತದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ಕೊಡುವ ಉಪದೇಶವೂ ಇದಕ್ಕೆ ದೂರವಲ್ಲ. ಆಯಸ್ಸು ತೀರಿದೆಯೆಂದು ವೈದ್ಯನಿಗೆ ಗೊತ್ತಾದರೂ, ಹೇಳಿದರೆ ರೋಗಿಗೋ ಮನೆಯವರಿಗೋ ಆಘಾತವಾಗುವ ಕಡೆ ಹೇಳಬಾರದು.

ಇಂಗ್ಲೆಂಡಿನಲ್ಲಿ ಈ ವಿಷಯ ಪುಸ್ತಕದ ರೂಪ ತಾಳಿದ್ದು ಒಂದು ಜಗಳದಿಂದ. 18ನೇ ಶತಮಾನದ ಕೊನೆಯಲ್ಲಿ ಮ್ಯಾಂಚೆಸ್ಟರ್ ಇನ್‌ಫರ್ಮರಿಯ ವೈದ್ಯರೂ ಶಸ್ತ್ರವೈದ್ಯರೂ ಪರಸ್ಪರ ಕಚ್ಚಾಡಿಕೊಂಡಾಗ, ನಿಯಮ ಬರೆದುಕೊಡುವ ಕೆಲಸ ಥಾಮಸ್ ಪರ್ಸಿವಲ್ ಎಂಬ ಹಿರಿಯ ವೈದ್ಯನ ಪಾಲಿಗೆ ಬಂತು. ಅದೇ ಬೆಳೆದು 1803ರಲ್ಲಿ ‘ಮೆಡಿಕಲ್ ಎಥಿಕ್ಸ್’ ಎಂಬ ಗ್ರಂಥವಾಯಿತು. 1847ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ತನ್ನ ನೀತಿಸಂಹಿತೆಗೆ ಅದರಿಂದ ಧಾರಾಳವಾಗಿ ಎತ್ತಿಕೊಂಡಿತು. ಪುಸ್ತಕದ ಬಹುಪಾಲು ವೈದ್ಯ ವೈದ್ಯರ ನಡುವಿನ ಮರ್ಯಾದೆಯದ್ದೇ: ಯಾರು ಮೊದಲು ಮಾತಾಡಬೇಕು, ಯಾರ ರೋಗಿಯನ್ನು ಯಾರು ನೋಡಬಹುದು. ಆದರೆ ನಡುನಡುವೆ ಆತ ರೋಗಿಯ ಕಣ್ಣಿನಿಂದಲೂ ನೋಡಿದ್ದಾನೆ. ಒಂದರ ಹಿಂದೊಂದು ಶಸ್ತ್ರಚಿಕಿತ್ಸೆ ನಡೆಯುವ ದಿನ, ಮುಂದಿನ ರೋಗಿ ಒಳಬರುವ ಮೊದಲು ರಕ್ತ ಹತ್ತಿದ ಏಪ್ರನ್ ಬದಲಿಸಬೇಕು, ಮೇಜನ್ನೂ ಉಪಕರಣಗಳನ್ನೂ ಒರೆಸಿಡಬೇಕು, ನೋಡಿದವರ ಎದೆ ನಡುಗಬಾರದು ಎಂಬುದು ಅವನ ಸೂಚನೆ. ಸೂಕ್ಷ್ಮಾಣುಗಳಿಂದ ಸೋಂಕು ಹರಡುತ್ತದೆಂದು ವೈದ್ಯಲೋಕ ಇನ್ನೂ ಅರಿಯದ ಕಾಲವದು. ಬರಿಯ ಸೌಜನ್ಯದ ದಾರಿಯಲ್ಲಿ ನಡೆದು ಆತ ಶುಚಿತ್ವದ ಬಾಗಿಲಿಗೆ ಬಂದು ನಿಂತಿದ್ದ.

ಸ್ಟೆತೋಸ್ಕೋಪಿನ ಹುಟ್ಟಿನಲ್ಲೂ ಇಂಥದೇ ಸಂಕೋಚವಿದೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಯುವತಿಯೊಬ್ಬಳ ಎದೆಗೆ ಕಿವಿಯಿಟ್ಟು ಆಲಿಸುವುದು ಸಭ್ಯವಲ್ಲವೆಂದು ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ನಡುವೆ ಹಿಡಿದ. ಎದೆಬಡಿತ ಬರಿಗಿವಿಗಿಂತ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಂದ ಮುಂದೆ ವೈದ್ಯರು ರೋಗಿ ಹೇಳುವುದಕ್ಕಿಂತ ರೋಗಿಯ ಎದೆ ಹೇಳುವುದನ್ನೇ ಹೆಚ್ಚು ನಂಬತೊಡಗಿದರು ಎಂಬ ದೂರು ವೈದ್ಯಕೀಯದ ಇತಿಹಾಸಕಾರರಲ್ಲಿ ಹಳೆಯದು. ದೂರಿನಲ್ಲಿ ಹುರುಳಿದೆ, ಆದರೆ ತಪ್ಪು ಕೊಳವೆಯದಲ್ಲ.

ಮರೆಮಾಚುವ ಪದ್ಧತಿ ತೀರ ಈಚಿನವರೆಗೂ ಬಾಳಿತು. 1961ರಲ್ಲಿ ಶಿಕಾಗೊದ ಡೊನಾಲ್ಡ್ ಓಕನ್ 219 ವೈದ್ಯರನ್ನು ಕೇಳಿದಾಗ, ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ತಮ್ಮ ವಾಡಿಕೆ ಎಂದವರು ನೂರಕ್ಕೆ ತೊಂಬತ್ತರ ಆಸುಪಾಸು. 1979ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ ಹೇಳುವುದೇ ಸರಿ ಎಂದವರು ನೂರಕ್ಕೆ 97. ಒಂದು ತಲೆಮಾರು ಮುಗಿಯುವ ಮೊದಲೇ ಎರಡು ಸಾವಿರ ವರ್ಷದ ರೂಢಿ ಮಗ್ಗುಲು ಬದಲಿಸಿತ್ತು. ಹೇಳಬೇಕೆಂದು ತೀರ್ಮಾನವಾದ ಮೇಲೆ ಹೇಗೆ ಹೇಳಬೇಕು ಎಂಬ ತೊಡಕು ಉಳಿಯಿತು. ಅದನ್ನು ಕಲಿಸುವವರು ವಿರಳ.

ಕಲಿಸುವ ದಾರಿ ತೆರೆದದ್ದೂ ಲಾಸ್ ಏಂಜಲೀಸ್‌ನಲ್ಲೇ, ಸಿನಿಮಾದ ಊರಿಗೆ ತಕ್ಕ ರೀತಿಯಲ್ಲಿ. ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ತರುಣರಾಗಿ ನ್ಯೂಯಾರ್ಕ್‌ನಲ್ಲಿದ್ದಾಗ ನಡೆದ ಘಟನೆಯೊಂದನ್ನು ಮುಂದೆ ನೆನೆಯುತ್ತಿದ್ದರು. ತಜ್ಞರ ಪರೀಕ್ಷೆಗೆಂದು ಕೂರಿಸಿದ್ದ ರೋಗಿಯೊಬ್ಬನನ್ನು ಅಭ್ಯರ್ಥಿಯೊಬ್ಬ ಒರಟಾಗಿ ನಡೆಸಿಕೊಂಡನಂತೆ. ರೋಗಿ ತುಟಿ ಬಿಚ್ಚಲಿಲ್ಲ. ಅಂಗಾಲು ಗೀರಿದಾಗ ಹೆಬ್ಬೆರಳು ಮೇಲೇಳುವ ಲಕ್ಷಣವನ್ನು ಒಂದು ಕಾಲಿನ ಬದಲು ಇನ್ನೊಂದು ಕಾಲಿನಲ್ಲಿ ತೋರಿಸಿದ. ಸ್ಪರ್ಶ ತಿಳಿಯದ ಜಾಗವನ್ನೂ ಅದಲುಬದಲು ಮಾಡಿದ. ಒರಟನ ಉತ್ತರವೆಲ್ಲ ತಪ್ಪಾಗುವಂತೆ ಮಾಡಿ ಸೇಡು ತೀರಿಸಿಕೊಂಡ. ಬ್ಯಾರೋಸ್‌ಗೆ ಇದರಲ್ಲಿ ಬೇರೊಂದು ಪಾಠ ಕಂಡಿತು: ರೋಗಲಕ್ಷಣವನ್ನು ನಟಿಸಬಹುದು.

1963ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರು ಕಲಾಶಾಲೆಗೆ ರೂಪದರ್ಶಿಯಾಗಿದ್ದ ಮಹಿಳೆಯೊಬ್ಬರಿಗೆ ನರರೋಗದ ಲಕ್ಷಣಗಳನ್ನು ಕಲಿಸಿ, ವಿದ್ಯಾರ್ಥಿಗಳ ಮುಂದೆ ರೋಗಿಯೆಂದು ಕೂರಿಸಿದರು. ತಪಾಸಣೆ ಮುಗಿದ ಮೇಲೆ ಆಕೆ ಒಂದು ಪಟ್ಟಿ ತುಂಬುತ್ತಿದ್ದರು. ಏನು ಕೇಳಿದ, ಏನು ಬಿಟ್ಟ, ಹೇಗೆ ಮಾತಾಡಿಸಿದ. ಪತ್ರಿಕೆಗಳು ನಕ್ಕವು. ವೈದ್ಯಕೀಯ ಕಾಲೇಜಿಗೆ ಹಾಲಿವುಡ್ ನುಗ್ಗಿತು ಎಂದು ಸಹೋದ್ಯೋಗಿಗಳೂ ಮೂಗು ಮುರಿದರು. ಬ್ಯಾರೋಸ್ ಪಟ್ಟು ಬಿಡಲಿಲ್ಲ. ಸೌಜನ್ಯದ ಬಗ್ಗೆ ಅದುವರೆಗೆ ಬಂದ ಉಪದೇಶಗಳೆಲ್ಲ ಮಾಡದ ಕೆಲಸವೊಂದನ್ನು ಆ ನಟರೋಗಿಯ ಪಟ್ಟಿ ಮಾಡಿತ್ತು. ವಿದ್ಯಾರ್ಥಿಗೆ ತಾನು ಹೇಗೆ ಕಾಣುತ್ತೇನೆಂದು ರೋಗಿಯ ಕುರ್ಚಿಯಿಂದಲೇ ಉತ್ತರ ಸಿಗುತ್ತಿತ್ತು. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು, ವಿದ್ಯಾರ್ಥಿಗಳು ಮೇಜಿನಿಂದ ಮೇಜಿಗೆ ಸರಿಯುತ್ತ ಉತ್ತರಿಸುವ ಪರೀಕ್ಷೆಯನ್ನು ರೂಪಿಸಿದರು. ಇವತ್ತು ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳು ‘ಓಸ್ಕಿ’ ಎಂದು ಕರೆಯುವುದು ಅದನ್ನೇ.

ಈ ಮಧ್ಯೆ ಟೇಪ್‌ರೆಕಾರ್ಡರ್ ಇನ್ನೊಂದು ಗುಟ್ಟು ಹೊರಹಾಕಿತು. 1984ರಲ್ಲಿ ಹೋವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ 74 ಭೇಟಿಗಳ ಮೊದಲ ಮಾತುಗಳನ್ನು ಕೇಳಿಸಿಕೊಂಡರು. ರೋಗಿ ತನ್ನ ತೊಂದರೆ ಹೇಳಲು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿಹಾಕಿದ್ದರು. ಪೂರ್ತಿ ಹೇಳಿ ಮುಗಿಸಿದವರು ನೂರಕ್ಕೆ 23 ಮಾತ್ರ. ಒಮ್ಮೆ ತುಂಡಾದ ಮಾತನ್ನು ಮತ್ತೆ ಎತ್ತಿಕೊಂಡು ಮುಗಿಸಿದ ರೋಗಿ ಇಲ್ಲವೆನ್ನುವಷ್ಟು ವಿರಳ. 1999ರ ಮರುಪರೀಕ್ಷೆಯಲ್ಲಿ ಆ 18 ಸೆಕೆಂಡು 23ಕ್ಕೆ ಏರಿತ್ತು, ಹದಿನೈದು ವರ್ಷಕ್ಕೆ ಐದು ಸೆಕೆಂಡಿನ ಪ್ರಗತಿ! ಅದೇ ಅಧ್ಯಯನದಲ್ಲಿ, ಅಡ್ಡಿಯಿಲ್ಲದೆ ಹೇಳಲು ಬಿಟ್ಟ ರೋಗಿಗಳು ಉಳಿದವರಿಗಿಂತ ಹೆಚ್ಚು ತೆಗೆದುಕೊಂಡ ಸಮಯ ಬರೀ ಆರು ಸೆಕೆಂಡು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವೈದ್ಯರು 335 ರೋಗಿಗಳನ್ನು ಸುಮ್ಮನೆ ಮಾತಾಡಲು ಬಿಟ್ಟು, ಗೊತ್ತಾಗದ ಹಾಗೆ ಗಡಿಯಾರ ನೋಡಿದರು. ಸರಾಸರಿ ಒಂದೂವರೆ ನಿಮಿಷಕ್ಕೆ ಅವರ ಕಥೆ ಮುಗಿದಿತ್ತು. ‘ಬಿಟ್ಟರೆ ಇವರು ರಾಮಾಯಣ ಶುರುಮಾಡುತ್ತಾರೆ’ ಎಂಬ ವೈದ್ಯಲೋಕದ ಭಯಕ್ಕೆ ಆಧಾರ ಸಿಗಲಿಲ್ಲ.

ಅಮೆರಿಕದಲ್ಲಿ ಈ ವಿಷಯಕ್ಕೆ ಬೆಲೆ ಬಂದದ್ದು ಕರುಣೆಯಿಂದ ಮಾತ್ರ ಎಂದರೆ ಪೂರ್ತಿ ಸತ್ಯವಾಗುವುದಿಲ್ಲ. ಕೋರ್ಟಿನ ಹೆದರಿಕೆಯೂ ಇತ್ತು. 1997ರಲ್ಲಿ ವೆಂಡಿ ಲೆವಿನ್ಸನ್ ಮತ್ತು ಸಂಗಡಿಗರು ರೋಗಿಗಳಿಂದ ದಾವೆ ಎದುರಿಸಿದ ವೈದ್ಯರನ್ನೂ ಎದುರಿಸದವರನ್ನೂ ಹೋಲಿಸಿದರು. ಕುಟುಂಬ ವೈದ್ಯರಲ್ಲಿ ದಾವೆ ಕಾಣದವರು ಒಬ್ಬೊಬ್ಬ ರೋಗಿಗೆ ಸರಾಸರಿ 18.3 ನಿಮಿಷ ಕೊಟ್ಟಿದ್ದರು, ದಾವೆ ಕಂಡವರು 15 ನಿಮಿಷ. ದಾವೆ ಕಾಣದವರು ಮುಂದೆ ಏನು ನಡೆಯುತ್ತದೆಂದು ಮೊದಲೇ ಹೇಳುತ್ತಿದ್ದರು, ರೋಗಿಯ ಅಭಿಪ್ರಾಯ ಕೇಳುತ್ತಿದ್ದರು, ಹೆಚ್ಚು ನಗುತ್ತಿದ್ದರು. ಶಸ್ತ್ರವೈದ್ಯರಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಮನಶ್ಶಾಸ್ತ್ರಜ್ಞೆ ನಳಿನಿ ಅಂಬಾಡಿ ಆ ಶಸ್ತ್ರವೈದ್ಯರ ಧ್ವನಿಮುದ್ರಣದಿಂದ ಹತ್ತು ಹತ್ತು ಸೆಕೆಂಡಿನ ತುಣುಕು ಕತ್ತರಿಸಿ, ಪದಗಳು ತಿಳಿಯದಂತೆ ಸೋಸಿ, ಬರೀ ದನಿಯ ಏರಿಳಿತವನ್ನು ಕೇಳುಗರ ಮುಂದಿಟ್ಟರು. ದನಿಯಲ್ಲಿ ದರ್ಪ ಹೆಚ್ಚಾಗಿ, ಕಾಳಜಿ ಕಡಿಮೆಯಾಗಿ ಕೇಳಿಸಿದವರೇ ದಾವೆಗೆ ಸಿಕ್ಕವರಾಗಿರುವ ಸಂಭವ ಹೆಚ್ಚಿತ್ತು. 2002ರ ಈ ಫಲಿತಾಂಶ ವಕೀಲರಿಗೂ ವಿಮಾ ಕಂಪನಿಗಳಿಗೂ ಚೆನ್ನಾಗಿ ಅರ್ಥವಾಗುವಂಥದು.

ಬ್ರಿಟನ್ನಿನಲ್ಲಿ ಈ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು ಸಂಶೋಧನೆಯಲ್ಲ, ಕಾಯಿಲೆ ಬಿದ್ದ ವೈದ್ಯೆ. ವೃದ್ಧರ ಚಿಕಿತ್ಸೆಯಲ್ಲಿ ತರಬೇತಾದ ಕೇಟ್ ಗ್ರೇಂಜರ್ ಸ್ವತಃ ಕ್ಯಾನ್ಸರ್ ರೋಗಿಯಾಗಿ 2013ರಲ್ಲಿ ಆಸ್ಪತ್ರೆ ಸೇರಿದಾಗ, ತಮ್ಮನ್ನು ಮುಟ್ಟಿ ನೋಡುವ ಅನೇಕರು ತಮ್ಮ ಹೆಸರು ಕೂಡ ಹೇಳುತ್ತಿಲ್ಲವೆಂದು ಗಮನಿಸಿದರು. ಹೆಸರು ಹೇಳಿ ಮಾತಾಡಿಸಿ ಆಕೆಯ ಮನಸ್ಸಿಗೆ ನಾಟಿದವನು ಮಂಚ ತಳ್ಳುವ ಆಳು. ‘ನಮಸ್ಕಾರ, ನನ್ನ ಹೆಸರು ಇಂಥದು’ ಎಂದು ಶುರುಮಾಡಿ ಎಂಬಷ್ಟೇ ಕೋರಿಕೆಯ ಆಕೆಯ ಪ್ರಚಾರ ದೇಶದ ಆಸ್ಪತ್ರೆಗಳ ಹೆಸರುಪಟ್ಟಿಗಳನ್ನೇ ಬದಲಿಸಿತು. 2016ರಲ್ಲಿ, 34ನೇ ವಯಸ್ಸಿಗೆ ಆಕೆ ತೀರಿಕೊಂಡರು.

ಕರ್ನಾಟಕದಲ್ಲಿ ಈ ಕಥೆ ಬೇರೆ ಹಾದಿ ಹಿಡಿದಿತ್ತು. ಆಸ್ಪತ್ರೆಯ ಕೋಣೆಯಲ್ಲಿ ಕೇಳಲಾಗದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಸಿಕ್ಕಿದ್ದು ಅಚ್ಚಿನ ಪುಟಗಳಲ್ಲಿ. ಲಾಸ್ ಏಂಜಲೀಸ್‌ನ ತಾಯಂದಿರು ಕೇಳದೆ ನುಂಗಿಕೊಂಡಂಥ ಎಷ್ಟೋ ಸಂದೇಹಗಳಿಗೆ ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ ‘ತಾಯಿ-ಮಗು’ವಿನಂಥ ಪುಸ್ತಕದಲ್ಲಿ ನಾಚದೆ, ಬೈಯದೆ ವಿವರ ಕೊಟ್ಟರು. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿದ ‘ರಾಶಿ’ ಎಂಬ ಡಾ. ಎಂ. ಶಿವರಾಂ ಬೆಂಗಳೂರಿನ ವೈದ್ಯರು. ಮನಸ್ಸಿನ ಬಗ್ಗೆ ಬರೆದ ಅವರ ‘ಮನ ಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮಾನಸಿಕ ಕಾಯಿಲೆಗಳ ಬಗ್ಗೆ ಬರೆದ ಕನ್ನಡ ಪುಸ್ತಕಗಳು ಒಂದು ಕಪಾಟು ತುಂಬುವಷ್ಟಿವೆ. ವಾರಪತ್ರಿಕೆಯ ವೈದ್ಯರ ಅಂಕಣಕ್ಕೆ ‘ಹೆಸರು, ಊರು ಬೇಡ’ ಎಂದು ಪತ್ರ ಬರೆದವರೆಲ್ಲ ಡಾಕ್ಟರಿಲ್ಲದ ಹಳ್ಳಿಯವರಲ್ಲ. ಮನೆಯ ಹತ್ತಿರವೇ ದವಾಖಾನೆ ಇದ್ದೂ ಒಳಗೆ ಬಾಯಿ ಬಾರದವರೂ ಅವರಲ್ಲಿದ್ದರು.

ನಟರೋಗಿಯ ಪರಿಚಯ ಕನ್ನಡದ ವೈದ್ಯರಿಗೆ ಮೊದಲು ಆದದ್ದು ಬಹುಮಟ್ಟಿಗೆ ವಿದೇಶದ ಪರೀಕ್ಷೆಗಳಲ್ಲಿ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಓದಿ ಅಮೆರಿಕಕ್ಕೆ ಹೊರಟವರು ಅಲ್ಲಿನ ‘ಕ್ಲಿನಿಕಲ್ ಸ್ಕಿಲ್ಸ್’ ಪರೀಕ್ಷೆ ದಾಟಬೇಕಿತ್ತು. 12 ರೋಗಿಗಳು, ಒಬ್ಬೊಬ್ಬರ ಕೋಣೆಯಲ್ಲಿ 15 ನಿಮಿಷ. ಬಾಗಿಲು ತಟ್ಟಬೇಕು, ಹೆಸರು ಹಿಡಿದು ಮಾತಾಡಿಸಬೇಕು, ಕೈ ತೊಳೆಯಬೇಕು, ಹೊದಿಕೆ ಹೊದಿಸಬೇಕು, ನೋವೆಂದರೆ ಮರುಗಬೇಕು. ದಿನಕ್ಕೆ ನೂರಾರು ರೋಗಿಗಳ ಓಪಿಡಿಯಲ್ಲಿ ಪಳಗಿ ಬಂದವರಿಗೆ ರೋಗ ಪತ್ತೆಹಚ್ಚುವುದು ಸಲೀಸು, ಬಾಗಿಲು ತಟ್ಟುವುದೇ ಹೊಸದು. ಮರುಕದ ವಾಕ್ಯಗಳನ್ನು ಉರುಹೊಡೆದು ಒಪ್ಪಿಸಿದರೆ ಅದು ಸೌಜನ್ಯವೇ ಎಂದು ಕೇಳಿದವರಿದ್ದಾರೆ. ಪ್ರಶ್ನೆ ಸಮಂಜಸವೇ. ಆದರೂ ಉರುಹೊಡೆದ ಸೌಜನ್ಯವನ್ನು ಉರುಹೊಡೆಯದ ಗದರಿಕೆಗಿಂತ ಸಹಿಸುವುದು ಸುಲಭ. ಕೋವಿಡ್ ಬಂದಾಗ ನಿಂತ ಆ ಪರೀಕ್ಷೆಯನ್ನು 2021ರ ಜನವರಿಯಲ್ಲಿ ಶಾಶ್ವತವಾಗಿ ಮುಚ್ಚಲಾಯಿತು.

ಭಾರತಕ್ಕೆ ನಟರೋಗಿ ಬಂದದ್ದು ಮಾರುವೇಷದಲ್ಲಿ. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಸಂಗಡಿಗರು ತರಬೇತಿ ಪಡೆದ ಸ್ಥಳೀಯರನ್ನು ದೆಹಲಿಯ ಮತ್ತು ಮಧ್ಯಪ್ರದೇಶದ ಹಳ್ಳಿಗಳ ವೈದ್ಯರ ಬಳಿಗೆ ರೋಗಿಗಳೆಂದು ಕಳಿಸಿದರು. 2012ರಲ್ಲಿ ಹೊರಬಂದ ವರದಿಯ ಪ್ರಕಾರ ಹಳ್ಳಿಯ ಸರಾಸರಿ ಭೇಟಿ 3.6 ನಿಮಿಷ, ದೆಹಲಿಯದು 5.4 ನಿಮಿಷ. 2017ರಲ್ಲಿ 67 ದೇಶಗಳ ಮಾಹಿತಿ ಕಲೆಹಾಕಿದ ಅಧ್ಯಯನವೊಂದರಲ್ಲಿ ಭೇಟಿಯ ಸರಾಸರಿ ಬಾಂಗ್ಲಾದೇಶದಲ್ಲಿ 48 ಸೆಕೆಂಡಿದ್ದರೆ ಸ್ವೀಡನ್ನಿನಲ್ಲಿ 22.5 ನಿಮಿಷ, ಜಗತ್ತಿನ ಅರ್ಧದಷ್ಟು ಜನ ಬದುಕುವ 18 ದೇಶಗಳಲ್ಲಿ ಐದು ನಿಮಿಷ ಅಥವಾ ಅದಕ್ಕೂ ಕಡಿಮೆ. ಸಮಯಕ್ಕೂ ಸಮಾಧಾನಕ್ಕೂ ನಂಟಿಲ್ಲವೆಂಬ ಕೋರ್ಷ್ ಅವರ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸುವ ಮೊದಲು ಯೋಚಿಸಬೇಕು. ಅವರ ಸುರುಳಿಗಳಲ್ಲಿ ತೀರ ಚಿಕ್ಕ ಭೇಟಿಯೇ ಎರಡು ನಿಮಿಷದ್ದು. 48 ಸೆಕೆಂಡಿನಲ್ಲಿ ಎಂಥ ವಿನಯವಂತರೂ ಚೀಟಿ ಬರೆದು ಮುಂದಿನವರನ್ನು ಕರೆಯಬಹುದು, ಅಷ್ಟೆ.

2019ರಲ್ಲಿ ಸೇರಿದ ಎಂಬಿಬಿಎಸ್ ವಿದ್ಯಾರ್ಥಿಗಳಿಂದ ಭಾರತೀಯ ವೈದ್ಯಕೀಯ ಮಂಡಳಿ ಪಠ್ಯಕ್ರಮ ಬದಲಿಸಿತು. ಮನೋಭಾವ, ನೀತಿ, ಸಂವಹನ ಸೇರಿದ ‘ಏಟ್‌ಕಾಮ್’ ಎಂಬ ಪಾಠ ಮೊದಲ ವರ್ಷದಿಂದಲೇ ಕಡ್ಡಾಯವಾಯಿತು. ತರಗತಿ ಶುರುವಾಗುವ ಮೊದಲಿನ ಒಂದು ತಿಂಗಳ ಅಡಿಪಾಯ ಶಿಕ್ಷಣದಲ್ಲಿ ಸ್ಥಳೀಯ ಭಾಷೆಗೂ ಜಾಗವಿಟ್ಟರು. ಹೊರರಾಜ್ಯದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿರುವ ಕರ್ನಾಟಕದ ಕಾಲೇಜುಗಳಿಗೆ ಇದು ಸಣ್ಣ ಮಾತಲ್ಲ. ‘ಎಲ್ಲಿ ನೋವು?’, ‘ಎಷ್ಟು ದಿನದಿಂದ?’ ಎಂಬಷ್ಟು ಕನ್ನಡ ಕಲಿತ ಹುಡುಗನ ಮುಂದೆ ಕೂತ ಅಜ್ಜಿ ಮಂಗಳೂರಿನಲ್ಲಾದರೆ ತುಳುವಿನಲ್ಲೋ ಬ್ಯಾರಿಯಲ್ಲೋ, ಕಲಬುರಗಿಯಲ್ಲಾದರೆ ದಖನಿಯಲ್ಲೋ ಉತ್ತರಿಸುತ್ತಾಳೆ. ನಡುವೆ ನಿಂತು ಎರಡೂ ಕಡೆಗೆ ತಿಳಿಹೇಳುವವರು ಹೆಚ್ಚಾಗಿ ನರ್ಸ್ ಅಥವಾ ವಾರ್ಡಿನ ಆಯಾ. ಯಾವ ಅಧ್ಯಯನದ ಪಟ್ಟಿಯಲ್ಲೂ ಅವರಿಗೊಂದು ಸಾಲು ಸಿಗುವುದು ಅಪರೂಪ.

ಹೊಸ ನಿಯಮದಂತೆ ಚಿಕಿತ್ಸಾ ವಿಷಯಗಳ ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ಈ ಪಾಠದಿಂದ ಕನಿಷ್ಠ ಒಂದು ಪ್ರಶ್ನೆ ಇರಬೇಕು; ವಾರ್ಡಿನ ಪರೀಕ್ಷೆಯಲ್ಲೂ ಮೌಖಿಕದಲ್ಲೂ ಅದನ್ನು ಒರೆಹಚ್ಚಬೇಕು. ಹಾಗಾಗಿ ಅಂತಿಮ ವರ್ಷದ ವಿದ್ಯಾರ್ಥಿ ಈಗ ಪರೀಕ್ಷಾ ಕೊಠಡಿಯಲ್ಲಿ ಕುಳಿತು ಕೆಟ್ಟ ಸುದ್ದಿಯನ್ನು ರೋಗಿಗೆ ಹೇಗೆ ತಿಳಿಸಬೇಕೆಂದು ಅಂಕಕ್ಕಾಗಿ ಬರೆಯುತ್ತಾನೆ. ಗೈಡುಗಳಲ್ಲಿ ಅದರ ಮಾದರಿ ಉತ್ತರವೂ ಸಿಗುತ್ತದೆ.